ನೆನಪಿಗಾಗಿ ನಡಿಗೆ

"ಅರವತ್ತಕ್ಕೆ ಅರಳು ಮರಳು" ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಮನೆಯ ಹಿರಿಯರು ಕೇಳಿದ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳತೊಡಗಿದಾಗ ಈ ಮಾತನ್ನಾಡಿ ಸುಮ್ಮನಾಗುವುದು ವಾಡಿಕೆ. ಆದರೆ ಇದರ ಮರೆಯಲ್ಲಿ ಎಷ್ಟೋ ವೇಳೆ ಮಿದುಳಿನ ಒಂದು ರೋಗ ಅಡಗಿರುತ್ತದೆ. ಆ ರೋಗವನ್ನು ಸಾರ್ವಜನಿಕರ ಗಮನಕ್ಕೆ ತರಲು ಮತ್ತು ರೋಗಿಗಳ ನೆರವಿಗಾಗಿ ನಿಧಿ ಸಂಗ್ರಹಿಸಲು ಪ್ರತಿವರ್ಷ ಸೆಪ್ಟೆಂಬರ್ 21ರ ವಿಶ್ವ ಆಲ್ಝೈಮರ್ ದಿನದ ಆಸುಪಾಸಿನಲ್ಲಿ ಹಲವು ನಗರಗಳಲ್ಲಿ ನಡಿಗೆಗಳು ಏರ್ಪಡುತ್ತವೆ. ಈ ನಡಿಗೆಗಳ ಉದ್ದೇಶವನ್ನೂ ಪ್ರಯೋಜನವನ್ನೂ ಇಲ್ಲಿ ವಿವರಿಸಲಾಗಿದೆ.

ರೋಗದ ಪರಿಚಯ

ನೆನಪು, ವಿವೇಚನೆ, ಭಾಷೆ ಮತ್ತು ದೈನಂದಿನ ಕೆಲಸಗಳ ಸಾಮರ್ಥ್ಯ ಕ್ರಮೇಣ ಕುಂದುವ ಸ್ಥಿತಿಯನ್ನು ಡಿಮೆನ್ಷಿಯಾ ಅಥವಾ ಮರೆಗುಳಿತನ ಎನ್ನುತ್ತಾರೆ. ಇದಕ್ಕೆ ಅತ್ಯಂತ ಸಾಮಾನ್ಯವಾದ ಕಾರಣ ಆಲ್ಝೈಮರ್ ರೋಗ. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ಅವರು 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯಲ್ಲಿ 51 ವರ್ಷದ ಮಹಿಳೆಯೊಬ್ಬರನ್ನು ಪರೀಕ್ಷಿಸಿದರು. ಆಕೆಯ ಮರಣಾನಂತರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ, ಅಲ್ಲಿ ಕಂಡ ವಿಶಿಷ್ಟ ಗಡ್ಡೆಗಳನ್ನೂ ನರತಂತುಗಳ ಸಿಕ್ಕುಗಳನ್ನೂ 1906ರಲ್ಲಿ ವೈದ್ಯರ ಸಭೆಗೆ ವರದಿಮಾಡಿದರು. ಅಂದರೆ ಇದು ಮುಪ್ಪಿನ ಸಹಜ ಲಕ್ಷಣವಲ್ಲ, ಶಾಪವಲ್ಲ, ಹಟಮಾರಿತನವೂ ಅಲ್ಲ; ಮಿದುಳಿನ ಜೀವಕೋಶಗಳು ನಶಿಸುವುದರಿಂದ ಬರುವ ರೋಗ.

2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ವರ್ಷ ಮೀರಿದವರ ಪೈಕಿ ಶೇಕಡಾ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಜನ ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆ.

ಹಾಲನ್ನು ಒಲೆಯ ಮೇಲಿಟ್ಟು ಮರೆಯುವುದು ಯಾರಿಗೂ ಸಹಜ. ನಲವತ್ತು ವರ್ಷ ಕಾಫಿ ಮಾಡಿದವರಿಗೆ ಕಾಫಿ ಮಾಡುವ ಕ್ರಮವೇ ತಿಳಿಯದಾಗುವುದು, ತಮ್ಮದೇ ಬೀದಿಯಲ್ಲಿ ದಾರಿ ತಪ್ಪುವುದು, ಚಿಲ್ಲರೆ ಎಣಿಸಲಾಗದಿರುವುದು ಸಹಜವಲ್ಲ. ಇಂಥ ಲಕ್ಷಣಗಳು ಕಂಡಾಗ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ಏಕೆಂದರೆ ಥೈರಾಯ್ಡ್ ಸ್ರಾವದ ಕೊರತೆ, ಬಿ-12 ಜೀವಸತ್ವದ ಕೊರತೆ ಅಥವಾ ಮಾನಸಿಕ ಖಿನ್ನತೆಯಿಂದಲೂ ಮರೆವು ಉಂಟಾಗಬಹುದು, ಇವುಗಳಿಗೆ ಚಿಕಿತ್ಸೆಯುಂಟು. ಆಲ್ಝೈಮರ್ ರೋಗವನ್ನು ಪೂರ್ಣವಾಗಿ ಗುಣಪಡಿಸುವ ಔಷಧ ಮಾತ್ರ ಇನ್ನೂ ದೊರೆತಿಲ್ಲ.

ನಡಿಗೆ ಬೆಳೆದು ಬಂದ ಬಗೆ

ಅಮೆರಿಕದ ಆಲ್ಝೈಮರ್ ಸಂಘ 1989ರಲ್ಲಿ 'ಮೆಮೊರಿ ವಾಕ್' ಎಂಬ ನಡಿಗೆಯನ್ನು ಆರಂಭಿಸಿತು. ಮೊದಲ ವರ್ಷ ಸಂಘದ ಒಂಬತ್ತು ಶಾಖೆಗಳು ಸೇರಿ, 1,249 ಜನರ ಪಾಲ್ಗೊಳ್ಳುವಿಕೆಯಿಂದ 1,49,000 ಡಾಲರ್ ಸಂಗ್ರಹಿಸಿದವು. ಇಂದು ಅದು ಆ ದೇಶದ ನೂರಾರು ಊರುಗಳಿಗೆ ಹಬ್ಬಿದೆ. ಅಲ್ಲಿ ನಡೆಯುವವರು ಬಣ್ಣದ ಹೂವುಗಳನ್ನು ಹಿಡಿಯುತ್ತಾರೆ. ರೋಗವಿರುವವರಿಗೆ ನೀಲಿ, ಆರೈಕೆ ಮಾಡುವವರಿಗೆ ಹಳದಿ, ಆತ್ಮೀಯರನ್ನು ಕಳೆದುಕೊಂಡವರಿಗೆ ನೇರಳೆ, ಬೆಂಬಲಿಗರಿಗೆ ಕಿತ್ತಳೆ. ಬಿಳಿಯ ಹೂವು ಮುಂದೊಂದು ದಿನ ಈ ರೋಗದಿಂದ ಗುಣಹೊಂದುವ ಮೊದಲ ವ್ಯಕ್ತಿಗೆ ಮೀಸಲು.

ಭಾರತದಲ್ಲಿ, 1992ರಲ್ಲಿ ಕೇರಳದಲ್ಲಿ ಆರಂಭವಾದ ಆಲ್ಝೈಮರ್ ಮತ್ತು ಸಂಬಂಧಿತ ರೋಗಗಳ ಸಂಘವು ತನ್ನ ಶಾಖೆಗಳ ಮೂಲಕ ಇಂಥ ನಡಿಗೆಗಳನ್ನು ನಡೆಸುತ್ತ ಬಂದಿದೆ.

ನಡಿಗೆಯಿಂದ ಏನು ಪ್ರಯೋಜನ?

ಸಂಗ್ರಹವಾದ ಹಣ ಹಗಲು ಆರೈಕೆ ಕೇಂದ್ರ, ಆರೈಕೆದಾರರ ತರಬೇತಿ ಹಾಗೂ ಸಂಶೋಧನೆಗೆ ಒದಗುತ್ತದೆ. ಆದರೆ ಹಣಕ್ಕಿಂತ ಮಿಗಿಲಾದ ಲಾಭವೊಂದಿದೆ. ಜನ ಏನೆಂದಾರೋ ಎಂಬ ಅಂಜಿಕೆಯಿಂದ ಎಷ್ಟೋ ಕುಟುಂಬಗಳು ರೋಗವನ್ನು ಮುಚ್ಚಿಡುತ್ತವೆ. ಆರೈಕೆಯ ಹೊರೆ ಸಾಮಾನ್ಯವಾಗಿ ಮನೆಯ ಹೆಂಡತಿ, ಮಗಳು ಅಥವಾ ಸೊಸೆಯ ಮೇಲೆ ಬೀಳುತ್ತದೆ. ಆಕೆ ಹೊರಗೆ ಹೋಗುವುದೇ ನಿಂತುಹೋಗುತ್ತದೆ. ನಡಿಗೆಯ ದಿನ ತನ್ನಂತೆಯೇ ಇರುವ ಹತ್ತಾರು ಮಂದಿ ಆಕೆಗೆ ಭೇಟಿಯಾಗುತ್ತಾರೆ. ಯಾವ ವೈದ್ಯರು, ಯಾವ ಕೇಂದ್ರ, ರಾತ್ರಿ ಎದ್ದು ಹೊರಡುವವರನ್ನು ಸಂಭಾಳಿಸುವುದು ಹೇಗೆ ಎಂಬ ತಿಳಿವಳಿಕೆ ಅಲ್ಲಿಂದ ಆರಂಭವಾಗುತ್ತದೆ.

ಹೊರನಾಡ ಕನ್ನಡಿಗರ ಗಮನಕ್ಕೆ

ಈ ರೋಗದಲ್ಲಿ ತಡವಾಗಿ ಕಲಿತ ಭಾಷೆ ಹಿಂದೆ ಸರಿದು, ಬಾಲ್ಯದ ಭಾಷೆಯೇ ಹೆಚ್ಚು ಕಾಲ ಉಳಿಯುವುದುಂಟು. ಮುಂಬಯಿ ಅಥವಾ ದೆಹಲಿಯಲ್ಲಿ ಬಾಳಿದ ಹಿರಿಯರು ಮರಾಠಿ, ಹಿಂದಿಗಳನ್ನು ಬಿಟ್ಟು ಕನ್ನಡದಲ್ಲಿ ಮಾತ್ರ ಉತ್ತರಿಸತೊಡಗಿದರೆ ಅಚ್ಚರಿಪಡಬೇಕಿಲ್ಲ. ನೆನಪಿನ ಪರೀಕ್ಷೆಯನ್ನು ಅವರಿಗೆ ಚೆನ್ನಾಗಿ ಬರುವ ಭಾಷೆಯಲ್ಲೇ ನಡೆಸುವಂತೆ ವೈದ್ಯರನ್ನು ಕೋರಬೇಕು. ಆರೈಕೆದಾರರಿಗೂ ಊಟ, ನೀರು, ನೋವು ಮುಂತಾದ ಕನ್ನಡ ಪದಗಳನ್ನು ಕಲಿಸಬೇಕು.

ಇನ್ನೊಂದು ಸಂಗತಿ ಸಮಾಧಾನಕರವಾದುದು. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಜಾಮ್ ವೈದ್ಯಕೀಯ ಸಂಸ್ಥೆಯಲ್ಲಿ 648 ಡಿಮೆನ್ಷಿಯಾ ರೋಗಿಗಳ ದಾಖಲೆ ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ತಿಳಿಯದವರಲ್ಲಿಯೂ ಈ ವ್ಯತ್ಯಾಸ ಕಂಡಿತು. ಮನೆಯಲ್ಲಿ ಕನ್ನಡ, ಹೊರಗೆ ಊರಿನ ಭಾಷೆ ಎಂಬ ನಮ್ಮ ರೂಢಿಯನ್ನು ಉಳಿಸಿಕೊಳ್ಳಲು ಇದೂ ಒಂದು ಕಾರಣ.

ನಡಿಗೆ ಏರ್ಪಡಿಸುವವರಿಗೆ ಸೂಚನೆಗಳು

1. ಪೊಲೀಸರ ಅನುಮತಿಯನ್ನು ಮುಂಚಿತವಾಗಿ ಪಡೆಯಿರಿ. ಬೆಳಗಿನ ಹೊತ್ತು, ಚಿಕ್ಕದಾದ ಸಮತಟ್ಟು ದಾರಿಯನ್ನು ಆರಿಸಿ. ನೀರು, ಕುರ್ಚಿ, ಶೌಚಾಲಯದ ಅನುಕೂಲವಿರಲಿ.

2. ರೋಗವಿರುವವರ ಜೊತೆ ಸದಾ ಒಬ್ಬರಿರಬೇಕು. ಅವರ ಜೇಬಿನಲ್ಲಿ ಹೆಸರು, ಮನೆಯವರ ದೂರವಾಣಿ ಸಂಖ್ಯೆಯುಳ್ಳ ಚೀಟಿ ಇರಲಿ. ಒಪ್ಪಿಗೆಯಿಲ್ಲದೆ ಛಾಯಾಚಿತ್ರ ತೆಗೆಯಬೇಡಿ.

3. ಪ್ರತಿಯೊಂದು ದೇಣಿಗೆಗೂ ರಸೀದಿ ಕೊಡಿ. ಹಣ ಎಲ್ಲಿಗೆ ಸಲ್ಲುವುದೆಂಬುದನ್ನು ಮೊದಲೇ ತಿಳಿಸಿ, ಲೆಕ್ಕವನ್ನು ಅನಂತರ ಪ್ರಕಟಿಸಿ.

4. ಕೊನೆಯಲ್ಲಿ ವೈದ್ಯರಿಂದ ಸರಳ ಉಪನ್ಯಾಸ ಏರ್ಪಡಿಸಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡುತನ, ಧೂಮಪಾನ, ಒಂಟಿತನ ಮೊದಲಾದ 14 ಅಪಾಯಾಂಶಗಳನ್ನು ನಿವಾರಿಸಿದರೆ ಡಿಮೆನ್ಷಿಯಾ ಪ್ರಕರಣಗಳಲ್ಲಿ ಶೇಕಡಾ 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂದು 2024ರ ಲ್ಯಾನ್ಸೆಟ್ ಆಯೋಗ ಅಂದಾಜಿಸಿದೆ.

5. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ನ್ನು ಎಲ್ಲರಿಗೂ ತಿಳಿಸಿ.

ನಡಿಗೆ ಮುಗಿದ ಮೇಲೂ ಕೆಲಸ ಉಳಿದಿರುತ್ತದೆ. ವಾರಕ್ಕೊಮ್ಮೆ ಎರಡು ಗಂಟೆ ನೆರೆಮನೆಯ ರೋಗಿಯ ಬಳಿ ಕುಳಿತು ಕನ್ನಡದಲ್ಲಿ ಮಾತನಾಡಿದರೆ, ಆರೈಕೆ ಮಾಡುವಾಕೆಗೆ ಅಷ್ಟು ಹೊತ್ತು ಬಿಡುವು ದೊರೆಯುತ್ತದೆ. ನಮ್ಮ ಕನ್ನಡ ಸಂಘಗಳು ಈ ಸೇವೆಯನ್ನು ಸುಲಭವಾಗಿ ಕೈಗೊಳ್ಳಬಹುದು.