ಮನೆಗಿಂತ ಮೊದಲು ದಾರಿ ಮುಳುಗುತ್ತೆ

2019ರ ಆಗಸ್ಟ್. ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಗಂಗಾವತಿ ತಾಲೂಕಿನ ವಿರೂಪಾಪುರಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡರು. ಎನ್‌ಡಿಆರ್‌ಎಫ್ ದೋಣಿಗಳು ಬಂದವು, ವಾಯುಪಡೆಯ ಹೆಲಿಕಾಪ್ಟರ್ ಬಂತು. ರಕ್ಷಣೆಗೆ ಹೋದ ದೋಣಿಯೇ ಮಗುಚಿ, ಅದರಲ್ಲಿದ್ದವರನ್ನೂ ಕಾಪಾಡಬೇಕಾಯ್ತು.

ಪ್ರವಾಹದ ನಕ್ಷೆ ಅಂದ್ರೆ ನೀರು ನಿಂತ ಕಡೆ ನೀಲಿ ಬಳಿಯೋದು ಅಂದ್ಕೊಳ್ತೀವಿ, ಅಲ್ವಾ? ಗಡ್ಡೆಗೆ ಅಷ್ಟು ಸಾಲದು. ಅದು ನದಿ ನಡುವಿನ ನೆಲ. ರೂಮಿಗೆ ನೀರು ನುಗ್ಗದಿದ್ರೂ ಹೊರಗೆ ಬರೋ ದಾರಿ ಮುಳುಗಿದ್ರೆ ಮುಗೀತು. ಹಾಗಾಗಿ ನಮ್ಮ ನಕ್ಷೆ ಉತ್ತರಿಸಬೇಕಾದ ಪ್ರಶ್ನೆ ಒಂದೇ: ದಾರಿ ಯಾವಾಗ ಮುಚ್ಚುತ್ತೆ?

ಉಚಿತವಾಗಿ ಸಿಗೋ ಕ್ಯೂಜಿಐಎಸ್ ತೆರೆದು, ಒಂದರ ಮೇಲೊಂದು ನಾಲ್ಕು ಪದರ ಹಾಕೋಣ.

1. ದಾರಿ, ಮನೆ: ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ತಗೊಳ್ಳಿ. ಕಾಲುದಾರಿ ಬಿಟ್ಟುಹೋಗಿದ್ರೆ ನೀವೇ ಸೇರಿಸಬಹುದು.

2. ಹಿಂದಿನ ಪ್ರವಾಹ: ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತೆ. ಸೆಂಟಿನೆಲ್-1 ಉಪಗ್ರಹದ ರೇಡಾರ್ ಮೋಡ ದಾಟಿ ನೋಡುತ್ತೆ. ಅದರ ಚಿತ್ರದಲ್ಲಿ ನಿಂತ ನೀರು ಕಪ್ಪಗಿರುತ್ತೆ. ಆದ್ರೆ ಅದು ದಿನಗಟ್ಟಲೆ ಬಿಟ್ಟು ಬರುತ್ತೆ. ಅಭ್ಯಾಸಕ್ಕೆ ಸರಿ, ಆ ಗಂಟೆಗೆ ಅದನ್ನೇ ನಂಬಿ ಕೂರಬೇಡಿ.

3. ಎತ್ತರ: ಎಸ್‌ಆರ್‌ಟಿಎಂ ದತ್ತಾಂಶದಲ್ಲಿ ಒಂದು ಚೌಕ ಸುಮಾರು 30 ಮೀಟರ್. ಬಂಡೆ, ಮರದ ತಲೆಯನ್ನೂ ಅದು ನೆಲ ಅಂತ ಲೆಕ್ಕ ಹಾಕಬಹುದು. ದಾರಿ ಮುಳುಗಿಸೋ ಸಣ್ಣ ಹಳ್ಳ ಅದರಲ್ಲಿ ಕಾಣದೇ ಹೋಗಬಹುದು.

4. ಕ್ಯೂಸೆಕ್: 1 ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ 28.3 ಲೀಟರ್. 1 ಲಕ್ಷ ಕ್ಯೂಸೆಕ್ ದಿನವಿಡೀ ಹರಿದರೆ 8.64 ಟಿಎಂಸಿ. ಈ ಲೆಕ್ಕ ನಮಗೆ ಅರ್ಥ ಆಗುತ್ತೆ, ಊಟಕ್ಕೆ ಕೂತ ಪ್ರವಾಸಿಗನಿಗೆ ಆಗಲ್ಲ.

ಇಲ್ಲೇ ಹರಿಗೋಲು ಹಾಕೋರನ್ನು ಕೇಳಬೇಕು. ಎಷ್ಟು ನೀರು ಬಿಟ್ಟಾಗ ದಾರಿ ಮುಳುಗಿತ್ತು ಅಂತ ಅವರು ಕಣ್ಣಾರೆ ಕಂಡಿರ್ತಾರೆ. ಆ ಅಂಕಿಗೆ ಬಣ್ಣ ಕೊಡಿ. ಹಸಿರು: ಇರಬಹುದು. ಹಳದಿ: ಈಗಲೇ ಹೊರಡಿ. ಕೆಂಪು: ದಾರಿ ಇಲ್ಲ. ನಮ್ಮ ಇಡೀ ಕೆಲಸ ಇರೋದು ಆ ಹಳದಿಯಲ್ಲಿ. ಬಣ್ಣದ ಜೊತೆ ಕನ್ನಡದಲ್ಲಿ ಒಂದು ಮಾತೂ ಬರೆಯಿರಿ, ಕಾಗದದ ಮೇಲೂ ಮುದ್ರಿಸಿ; ಪ್ರವಾಹದಲ್ಲಿ ನೆಟ್‌ವರ್ಕ್ ನಂಬೋ ಹಾಗಿಲ್ಲ.

ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಗಡ್ಡೆಯ ರೆಸಾರ್ಟ್‌ಗಳನ್ನು ತೆರವು ಮಾಡಿದರು. ಆದ್ರೆ ನದಿ ಅಲ್ಲೇ ಇದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಯ್ತು. ಅಂಥ ರಾತ್ರಿ ಹಸಿರಿಂದ ಕೆಂಪಿಗೆ ಎಷ್ಟು ಹೊತ್ತು ಸಿಗುತ್ತೆ? ನಕ್ಷೆ ಬರೆಯೋಕೆ ಕೂರೋ ಸಮಯ ಅದಲ್ಲ. ಬೇಸಿಗೆಯಲ್ಲೇ ಬರೆದಿಟ್ಟಿರಬೇಕು.