ಹಳೆಯ ಕೊಳಕಿನಲ್ಲಿ ಹೊಸ ಎಣ್ಣೆಯನ್ನು ಕಲೆಸಬೇಡಿ

ಬೈರಮಂಗಲ ಕೆರೆಯ ಅಚ್ಚುಕಟ್ಟಿನ ರೈತರು ದೂರನ್ನು ಬರೆದುಕೊಂಡೇ ನನ್ನ ಬಳಿ ಬರುತ್ತಾರೆ. ಮೊದಲ ಸಾಲು ಹೆಚ್ಚುಕಡಿಮೆ ಒಂದೇ: 'ಮೂವತ್ತು ವರ್ಷದಿಂದ ವೃಷಭಾವತಿ ನೀರು ಕೆಟ್ಟಿದೆ.' ಮಾತು ನಿಜ. ಬೆಂಗಳೂರಿನ ಒಂದು ಭಾಗದ ಚರಂಡಿ, ಕಾರ್ಖಾನೆಗಳ ಕೊಳಕು ವೃಷಭಾವತಿ ಹೊಳೆಯಲ್ಲಿ ಈ ಕೆರೆಗಿಳಿದು, ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿ ಮುಟ್ಟುತ್ತದೆ. ಆದರೆ ಟ್ಯಾಂಕರ್ ಮಗುಚಿ ಡೀಸೆಲ್ ಹರಿದಾಗ, ಕತ್ತಲಲ್ಲಿ ಯಾರೋ ಹಳೆ ಎಂಜಿನ್ ಆಯಿಲ್ ಸುರಿದಾಗ, ಈ ಸಾಲೇ ರೈತರನ್ನು ಸೋಲಿಸುತ್ತದೆ.

ಹೇಗೆಂದರೆ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ, 2010ರ 14ನೇ ಕಲಂ ಪ್ರಕಾರ ಮೊಕದ್ದಮೆಯ ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಪರಿಹಾರ ಕೇಳಲು 15ನೇ ಕಲಂನಲ್ಲಿ 5 ವರ್ಷವಿದೆ. ಎರಡಕ್ಕೂ ತಕ್ಕ ಕಾರಣವಿದ್ದರೆ ಇನ್ನು 60 ದಿನ ಸಿಗಬಹುದು. ಮೂವತ್ತು ವರ್ಷ ಎಂದು ನೀವೇ ಬರೆದುಕೊಟ್ಟರೆ ಎದುರು ವಕೀಲರು ಅದನ್ನೇ ಎತ್ತಿ ತೋರಿಸಿ ಅವಧಿ ಮುಗಿದಿದೆ ಎನ್ನುತ್ತಾರೆ. ಬೆಳೆ ಕೆಟ್ಟದ್ದು ಚರಂಡಿ ನೀರಿನಿಂದ, ನಮ್ಮ ಎಣ್ಣೆಯಿಂದಲ್ಲ ಎಂದೂ ವಾದಿಸುತ್ತಾರೆ. ಆದ್ದರಿಂದ ಹಳೆಯ ಅನ್ಯಾಯಕ್ಕೆ ಬೇರೆ ಅರ್ಜಿ, ಇಂದಿನ ಎಣ್ಣೆಗೆ ಬೇರೆ ಅರ್ಜಿ.

ಎಣ್ಣೆಯನ್ನು ಕೊಳಕಿನಿಂದ ಬೇರೆಯಾಗಿ ತೋರಿಸಲು ಅದರ ನಡೆ ತಿಳಿದಿರಬೇಕು. ಡೀಸೆಲ್ ತೇಲುತ್ತದೆ, ಬೇಗ ಹರಡುತ್ತದೆ, ಬಿಸಿಲಿಗೆ ಸ್ವಲ್ಪ ಆವಿಯಾಗುತ್ತದೆ. ಹೊಳೆ ಧುಮುಕುವ ಕಡೆ ಹನಿಹನಿಯಾಗಿ ನೀರಿನೊಳಗೆ ಬೆರೆಯುತ್ತದೆ. ಹಳೆ ಆಯಿಲ್ ಮಣ್ಣಿಗೆ, ಜೊಂಡಿಗೆ ಅಂಟಿ ತಳ ಸೇರಬಹುದು. ಕೆರೆಯಲ್ಲಿ ಹರಿವು ನಿಧಾನವಾದ್ದರಿಂದ ಗಾಳಿ ತಳ್ಳಿದ ದಡದಲ್ಲಿ ಪೊರೆಗಟ್ಟುತ್ತದೆ. ತೇಲುತಡೆ (ಎಣ್ಣೆ ತಡೆಯುವ ತೇಲುವ ಬೇಲಿ) ಹಾಕಲು ಅದೇ ಜಾಗ. ಹೊಳೆಯ ರಭಸದಲ್ಲಿ ಹಾಕಿದರೆ ಎಣ್ಣೆ ಅದರಡಿ ನುಸುಳಿ ಹೋಗುತ್ತದೆ.

ಮೊದಲ ಕೆಲಸ: ಕಾಲುವೆ ತೂಬು ಮುಚ್ಚಿಸಿ, ಪಂಪ್‌ಸೆಟ್ ನಿಲ್ಲಿಸಿ, ದನಗಳನ್ನು ದೂರವಿಡಿ. ಸೋಪಿನ ನೀರು ಸುರಿಯಬೇಡಿ, ಎಣ್ಣೆ ಇನ್ನಷ್ಟು ಒಳಗಿಳಿಯುತ್ತದೆ. ಬೆಂಕಿ ಹಚ್ಚಲೇಬೇಡಿ.

ಎರಡನೆಯದು: 112ಕ್ಕೆ ಕರೆ ಮಾಡಿ. ಆದರೆ ಫೋನಿನಲ್ಲಿ ಹೇಳಿದ್ದಕ್ಕೆ ನಿಮ್ಮ ಕೈಯಲ್ಲಿ ದಾಖಲೆ ಇರುವುದಿಲ್ಲ. ಅಂದೇ ಮಾಲಿನ್ಯ ನಿಯಂತ್ರಣ ಮಂಡಳಿಗೆ, ತಹಶೀಲ್ದಾರರಿಗೆ, ಗ್ರಾಮ ಪಂಚಾಯಿತಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 'ಸಾಹೇಬರು ಇಲ್ಲ, ನಾಳೆ ಬನ್ನಿ' ಎಂದು ವಾಪಸ್ ಕಳಿಸುವುದು ಕರ್ತವ್ಯಲೋಪ. ನಾಳೆಗೆ ಎಣ್ಣೆ ಕನಕಪುರದ ದಾರಿ ಹಿಡಿದಿರುತ್ತದೆ. ಮುದ್ರೆ ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಜಲ ಕಾಯ್ದೆ, 1974ರ 31ನೇ ಕಲಂ ಪ್ರಕಾರ ಅವಘಡವಾದ ಸ್ಥಳದ ಹೊಣೆಗಾರನೇ ಮಂಡಳಿಗೆ ತಕ್ಷಣ ತಿಳಿಸಬೇಕು. ತಿಳಿಸಿದ್ದನೇ ಎಂದು ದೂರಿನಲ್ಲೇ ಕೇಳಿ.

ಮೂರನೆಯದು ಸಾಕ್ಷ್ಯ: ದಿನಾಂಕ, ಸಮಯ, ಸರ್ವೆ ನಂಬರ್ ಸಹಿತ ಫೋಟೊ. ಎಣ್ಣೆ ತಾಗಿದ ಹಿಪ್ಪುನೇರಳೆ, ಮೇವಿನ ಫೋಟೊ ಪಕ್ಕದಲ್ಲೇ ತಾಗದ ಗದ್ದೆಯದೂ ಇರಲಿ. ಆ ಹೋಲಿಕೆಯೇ ಹಳೆ ಕೊಳಕನ್ನೂ ಹೊಸ ಎಣ್ಣೆಯನ್ನೂ ಬೇರ್ಪಡಿಸುತ್ತದೆ. ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದಿಡಿ. ಆದರೆ ಕಾರ್ಖಾನೆಯ ಮೋರಿಯ ಮಾದರಿಯ ವರದಿ ಕೋರ್ಟಿನಲ್ಲಿ ನಿಲ್ಲಬೇಕಾದರೆ ಮಂಡಳಿ ಅಧಿಕಾರಿಯೇ ಜಲ ಕಾಯ್ದೆಯ 21ನೇ ಕಲಂನಂತೆ ಮಾಲೀಕನಿಗೆ ನೋಟಿಸ್ ಕೊಟ್ಟು, ಎರಡು ಭಾಗ ಮಾಡಿ, ಮೊಹರು ಹಾಕಬೇಕು. ಇದರಲ್ಲಿ ಲೋಪ ಮಾಡಿ ಪ್ರಕರಣ ಕೆಡಿಸಿದವರನ್ನು ಕಂಡಿದ್ದೇನೆ, ಅದಕ್ಕೇ ಪಂಚಾಯಿತಿ ಸದಸ್ಯರನ್ನು ಜೊತೆಗೆ ನಿಲ್ಲಿಸಿ.

ಆಗ ಎಣ್ಣೆ ಚೆಲ್ಲಿದವರ ಕಡೆಯ ದಲ್ಲಾಳಿ ಬರುತ್ತಾನೆ. ಐದೋ ಹತ್ತೋ ಸಾವಿರ ಕೊಟ್ಟು ಖಾಲಿ ಕಾಗದಕ್ಕೆ ಸಹಿ ಕೇಳುತ್ತಾನೆ. ಸಹಿ ಹಾಕಬೇಡಿ. ನ್ಯಾಯಮಂಡಳಿ ಕಾಯ್ದೆಯ 17ನೇ ಕಲಂನಂತೆ ಅಪಘಾತದ ಪ್ರಕರಣದಲ್ಲಿ ತಪ್ಪು ಸಾಬೀತಾಗದಿದ್ದರೂ ಹೊಣೆ ಇದೆ. ಚೆನ್ನೈನ ದಕ್ಷಿಣ ಪೀಠ 2023ರ ಡಿಸೆಂಬರಿನಲ್ಲಿ ಎಣ್ಣೂರಿನ ಎಣ್ಣೆ ಸೋರಿಕೆಯನ್ನು ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡಿತು. ನಿಮ್ಮ ಕೆರೆಯ ಪ್ರಕರಣವೂ ಅದೇ ಪೀಠದ ವ್ಯಾಪ್ತಿಗೆ ಸೇರುತ್ತದೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಪರಿಹಾರ ಕೇಳಿದರೆ ಮೊತ್ತದ ಶೇ. 1, ಕನಿಷ್ಠ 1,000. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಉಚಿತ ಕಾನೂನು ನೆರವಿಗೆ 15100.

ಎಣ್ಣೆ ಬರುವವರೆಗೆ ಕಾಯಬೇಕಿಲ್ಲ. 10 ರೂಪಾಯಿ ಕಟ್ಟಿ, 150 ಪದ ಮೀರದೆ, ಒಂದೇ ವಿಷಯಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ: ಕೆರೆಗೆ ಎಣ್ಣೆ ಬಂದರೆ ತೂಬು ಮುಚ್ಚುವ ಆದೇಶ ಕೊಡುವವರು ಯಾರು, ಜಿಲ್ಲಾ ವಿಪತ್ತು ಯೋಜನೆಯಲ್ಲಿ ಅದು ಎಲ್ಲಿದೆ? 30 ದಿನದಲ್ಲಿ ಉತ್ತರ ಬರಬೇಕು. ಬಂದರೆ ಅದನ್ನು, ಬಾರದಿದ್ದರೆ ಅರ್ಜಿಯನ್ನೇ ಮುಂದಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ನಡಾವಳಿಯಲ್ಲಿ ಬರೆಸಿ.