ಮನೆ ಬಾಡಿಗೆಗಿದೆ: ಬೋರ್ಡಿನ ಹಿಂದಿನ ಲೆಕ್ಕ

ಕಾಲೇಜಿನ ಸುತ್ತಮುತ್ತ ಯಾವ ಗಲ್ಲಿಗೆ ಹೋದರೂ ಗೇಟಿಗೆ ನೇತುಹಾಕಿದ ‘ಟು-ಲೆಟ್’ ಬೋರ್ಡ್ ಒಂದಾದರೂ ಕಾಣಿಸುತ್ತೆ. ನಮ್ಮಲ್ಲಿ ಎಷ್ಟೋ ಜನ ಆ ಬೋರ್ಡಿನ ಈಚೆ ಕಡೆಯವರು, ಅಂದರೆ ರೂಮು ಹುಡುಕುವವರು. ಆದರೆ ಆಚೆ ಕಡೆಯವರ ಮಕ್ಕಳೂ ನಮ್ಮ ನಡುವೆಯೇ ಇದ್ದಾರೆ. 30/40 ಸೈಟಿನಲ್ಲಿ ಕೆಳಗೆ ತಾವಿದ್ದು, ಪಿಎಫ್ ದುಡ್ಡು ಹಾಕಿಯೋ ಸಾಲ ಮಾಡಿಯೋ ಮೇಲೊಂದು ಮಹಡಿ ಕಟ್ಟಿಸಿ ಬಾಡಿಗೆಗೆ ಕೊಟ್ಟಿರುವ ಅಪ್ಪ-ಅಮ್ಮಂದಿರ ಮಕ್ಕಳು. ರಿಯಲ್ ಎಸ್ಟೇಟ್ ಹೂಡಿಕೆದಾರ ಅಂದ ಕೂಡಲೇ ದೊಡ್ಡ ಬಿಲ್ಡರ್ ನೆನಪಾಗ್ತಾರೆ. ಆದರೆ ಈ ಅಪ್ಪ-ಅಮ್ಮನೂ ಹೂಡಿಕೆದಾರರೇ. ಎಷ್ಟೋ ಮನೆಗಳಲ್ಲಿ ನಿವೃತ್ತಿಯ ನಂತರ ಬಾಡಿಗೆಯೇ ಪಿಂಚಣಿ.

ಹಾಗಿದ್ದರೂ ಈ ವ್ಯವಹಾರವನ್ನು ಕಾಗದದ ಮೇಲೆ ಲೆಕ್ಕ ಹಾಕುವವರು ಕಡಿಮೆ. ‘ಪಕ್ಕದ ಮನೆಯವರು ಎಷ್ಟು ತಗೊಳ್ತಾರೆ’ ಅನ್ನೋದೇ ನಮ್ಮ ಫಾರ್ಮುಲಾ. ಈ ಪಾಠದಲ್ಲಿ ನಾವು ಹೇಳಬೇಕಾದ ಮಾತು ಒಂದೇ: ಸಣ್ಣ ಮನೆ ಮಾಲೀಕರ ದೊಡ್ಡ ಖರ್ಚು ಬಣ್ಣವೂ ಅಲ್ಲ, ಕಂದಾಯವೂ ಅಲ್ಲ. ಅದು ಖಾಲಿ ತಿಂಗಳು.

ಸಾವಿರ ರೂಪಾಯಿಯ ಆಸೆ

ಒಂದು ಉದಾಹರಣೆ ತಗೊಳ್ಳೋಣ. 15,000 ರೂ.ಗೆ ಇವತ್ತೇ ಬರೋಕೆ ಒಂದು ಕುಟುಂಬ ಸಿದ್ಧವಿದೆ. ಮಾಲೀಕರಿಗೆ 16,000 ಬೇಕು, ಅದಕ್ಕಾಗಿ ಒಂದು ತಿಂಗಳು ಕಾಯ್ತಾರೆ ಅಂತಿಟ್ಟುಕೊಳ್ಳಿ. ಮುಂದಿನ 11 ತಿಂಗಳ ಲೆಕ್ಕ ಹೀಗಾಗುತ್ತೆ:

ಇವತ್ತೇ ಕೊಟ್ಟರೆ: 15,000 × 11 = 1,65,000 ರೂ.
ಕಾದು ಕೊಟ್ಟರೆ: 16,000 × 10 = 1,60,000 ರೂ.

ಬಾಡಿಗೆ ಜಾಸ್ತಿ ಮಾಡಿಕೊಂಡೂ 5,000 ನಷ್ಟ! ಎರಡೂ ಸಮ ಆಗಬೇಕಾದರೆ ಹೊಸಬರು 15 ತಿಂಗಳು ಇರಬೇಕು, ಲಾಭ ಶುರುವಾಗುವುದು ಅದಾದ ಮೇಲೆ. ಕಾಯುವುದು ಬರೀ 15 ದಿನವಾದರೆ ಏಳೂವರೆ ತಿಂಗಳಿಗೇ ಸಮ ಆಗುತ್ತೆ. ಅಂದರೆ ಕಾಯಲೇಬಾರದು ಅಂತಲ್ಲ, ಎಷ್ಟು ದಿನ ಕಾಯಬಹುದು ಅನ್ನೋದಕ್ಕೆ ಒಂದು ಮಿತಿ ಇದೆ.

ಇದೇ ಲೆಕ್ಕ ಹಳೆಯ ಬಾಡಿಗೆದಾರರಿಗೂ ಅನ್ವಯಿಸುತ್ತೆ. ಸರಿಯಾಗಿ ಬಾಡಿಗೆ ಕಟ್ಟುವ, ಮನೆ ಚೆನ್ನಾಗಿ ನೋಡಿಕೊಳ್ಳುವ ಕುಟುಂಬಕ್ಕೆ ಶೇ. 5ರ ಬದಲು ಶೇ. 10 ಏರಿಸಿದರೆ ಸಿಗುವ ಹೆಚ್ಚುವರಿ ತಿಂಗಳಿಗೆ 750 ರೂ., 11 ತಿಂಗಳಿಗೆ 8,250. ಅವರು ಬೇಜಾರಾಗಿ ಖಾಲಿ ಮಾಡಿದರೆ ಒಂದು ಖಾಲಿ ತಿಂಗಳಿಗೇ 15,000 ಹೋಯ್ತು. ಬ್ರೋಕರ್ ಮೂಲಕ ಹುಡುಕಿದರೆ ಅವರ ಕಮಿಷನ್ ಬೇರೆ.

ಜಾಹೀರಾತನ್ನೂ ಡೀಬಗ್ ಮಾಡಬಹುದು

ಬೋರ್ಡ್ ಹಾಕಿ, ಆನ್‌ಲೈನ್‌ನಲ್ಲಿ ನಾಲ್ಕು ಫೋಟೋ ಹಾಕಿ ಸುಮ್ಮನೆ ಕೂರುವುದು ಮಾರ್ಕೆಟಿಂಗ್ ಅಲ್ಲ. ಒಂದು ವಾರ ಮೂರು ಸಂಖ್ಯೆ ಬರೆದಿಡಿ: ಎಷ್ಟು ಫೋನ್ ಬಂತು, ಎಷ್ಟು ಜನ ಬಂದು ನೋಡಿದರು, ಎಷ್ಟು ಜನ ಒಪ್ಪಿದರು. ದೋಷ ಯಾವ ಹಂತದಲ್ಲಿದೆ ಅಂತ ಆ ಸಂಖ್ಯೆಗಳೇ ಸುಳಿವು ಕೊಡುತ್ತವೆ.

ಫೋನೇ ಬರ್ತಿಲ್ಲವೇ? ಹೇಳಿರುವ ಬಾಡಿಗೆ ಜಾಸ್ತಿ ಇರಬೇಕು, ಇಲ್ಲವೇ ಜಾಹೀರಾತು ಯಾರ ಕಣ್ಣಿಗೂ ಬೀಳ್ತಿಲ್ಲ. ಫೋನ್ ಬರುತ್ತೆ, ಮನೆ ನೋಡೋಕೆ ಯಾರೂ ಬರ್ತಿಲ್ಲವೇ? ಜಾಹೀರಾತಿನಲ್ಲಿ ಇರಬೇಕಾದ ವಿಷಯ ಇಲ್ಲ, ಫೋನಿನಲ್ಲಿ ಕೇಳಿ ತಿಳಿದ ಮೇಲೆ ಅವರು ಹಿಂದೆ ಸರೀತಿದ್ದಾರೆ. ಬಂದು ನೋಡಿ ‘ಆಮೇಲೆ ಹೇಳ್ತೀವಿ’ ಅಂತ ಹೋಗ್ತಿದ್ದಾರೆಯೇ? ಹಾಗಾದರೆ ತೊಂದರೆ ಮನೆಯೊಳಗಿದೆ. ಬಾತ್‌ರೂಮಿನ ವಾಸನೆ, ಗೋಡೆಯ ತೇವ, ಬೆಳಕಿಲ್ಲದ ಅಡುಗೆಮನೆ ಹೀಗೆ ಏನಾದರೂ ಇರಬಹುದು.

ಜಾಹೀರಾತಿನಲ್ಲಿ ಇರಲೇಬೇಕಾದದ್ದು: ಬಾಡಿಗೆ, ಅಡ್ವಾನ್ಸ್, ಎಷ್ಟನೇ ಮಹಡಿ, ನೀರು ಎಲ್ಲಿಂದ (ನಲ್ಲಿಯೋ, ಬೋರ್‌ವೆಲ್ಲೋ, ಟ್ಯಾಂಕರೋ), ಕರೆಂಟಿಗೆ ಬೇರೆ ಮೀಟರ್ ಇದೆಯೇ, ಗಾಡಿ ನಿಲ್ಲಿಸಲು ಜಾಗ, ಬಸ್ ಸ್ಟಾಪಿಗೆ ಎಷ್ಟು ನಿಮಿಷದ ನಡಿಗೆ. ಫೋಟೋಗಳನ್ನು ಹಗಲು ಬೆಳಕಿನಲ್ಲಿ, ಮನೆ ಗುಡಿಸಿ ಒರೆಸಿದ ಮೇಲೆ ತೆಗೆಯಿರಿ. ಬಾತ್‌ರೂಮ್ ಫೋಟೋ ಬಿಡಬೇಡಿ. ಬಾಡಿಗೆಗೆ ಹುಡುಕುವ ನಮಗೆ ಗೊತ್ತು, ನಾವು ಮೊದಲು ಹುಡುಕುವುದು ಅದನ್ನೇ!

ಇನ್ನೊಂದು ಮಾತು. ‘ಬ್ಯಾಚುಲರ್ಸ್‌ಗೆ ಕೊಡಲ್ಲ’ ಅನ್ನೋ ಸಾಲು ನಮ್ಮಲ್ಲಿ ತುಂಬಾ ಜನ ಕೇಳಿರುವಂಥದ್ದು. ನ್ಯಾಯ-ಅನ್ಯಾಯದ ಮಾತು ಹಾಗಿರಲಿ, ಕಾಲೇಜಿನ ಪಕ್ಕದ ಮನೆಗೆ ಈ ಷರತ್ತು ಹಾಕಿದರೆ ಬರುವವರಲ್ಲಿ ದೊಡ್ಡ ಪಾಲನ್ನು ಬಾಗಿಲಲ್ಲೇ ವಾಪಸ್ ಕಳಿಸಿದ ಹಾಗೆ. ಗಲಾಟೆಯ ಭಯವಿದ್ದರೆ ರಾತ್ರಿ ಸದ್ದಿನ ನಿಯಮ, ಮನೆಯಲ್ಲಿ ಎಷ್ಟು ಜನ ಇರಬಹುದು ಅನ್ನೋ ಮಿತಿ ಕರಾರಿನಲ್ಲಿ ಬರೆಯಿರಿ. ಯಾರು ಅನ್ನೋದಕ್ಕಿಂತ ಹೇಗಿರಬೇಕು ಅನ್ನೋದನ್ನ ಕೇಳುವುದು ಒಳ್ಳೆಯದು.

ಅಡ್ವಾನ್ಸ್ ನಮ್ಮ ದುಡ್ಡಲ್ಲ

ಕರಾರು 11 ತಿಂಗಳಿಗೇ ಯಾಕೆ? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಓಡಾಟ, ಖರ್ಚು ಬೇಡ ಅಂತ 11ರ ರೂಢಿ ಬಂತು. ಅವಧಿ ಚಿಕ್ಕದು ಅಂತ ಬಾಯಿಮಾತಿನಲ್ಲೇ ಮುಗಿಸಬಾರದು, ಸ್ಟಾಂಪ್ ಕಾಗದದ ಮೇಲೆ ಬರೆಸಿ ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು.

ಜಗಳ ಹೆಚ್ಚಾಗಿ ಹುಟ್ಟುವುದು ಅಡ್ವಾನ್ಸ್ ವಿಷಯದಲ್ಲಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಕೇಳುವ ರೂಢಿ ಬಹಳ ಕಾಲದಿಂದ ಇತ್ತು. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹೇಳುತ್ತೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ಅಳವಡಿಸಿಕೊಂಡರಷ್ಟೇ ಜಾರಿ. ಅಡ್ವಾನ್ಸ್ ಎಷ್ಟೇ ಇರಲಿ, ಅದು ಆದಾಯವಲ್ಲ, ಸಾಲ. ಅದನ್ನು ಮಗಳ ಫೀಸಿಗೋ ಮನೆಯ ಕಾಂಪೌಂಡಿಗೋ ಖರ್ಚು ಮಾಡಿಬಿಟ್ಟರೆ ‘ಹೊಸಬರು ಬಂದ ಮೇಲೆ ಕೊಡ್ತೀವಿ’ ಅನ್ನೋ ಮಾತು ಬರುತ್ತೆ. ಇತ್ತ ಹೋಗುವವರು ಹೊಸ ಮನೆಯ ಅಡ್ವಾನ್ಸಿಗೆ ಅದೇ ದುಡ್ಡನ್ನು ನಂಬಿಕೊಂಡಿರುತ್ತಾರೆ. ಹಾಗಾಗಿ ಅದನ್ನು ಬೇರೆ ಖಾತೆಯಲ್ಲಿ ಇಡಿ. ಕೊಡೋದು, ತಗೊಳ್ಳೋದು ಎರಡೂ ಬ್ಯಾಂಕ್ ಮೂಲಕವೇ ಆಗಲಿ.

ಖಾಲಿ ಮಾಡುವಾಗ ಬಣ್ಣಕ್ಕೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವ ಪದ್ಧತಿ ಇದೆ. ಹಿಡಿಯುವುದಾದರೆ ಎಷ್ಟು ಅಂತ ಮೊದಲ ದಿನವೇ ಕರಾರಿನಲ್ಲಿ ಬರೆಯಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಬಾಡಿಗೆದಾರರು ಮನೆಯನ್ನು ಬಂದಾಗ ಇದ್ದ ಸ್ಥಿತಿಯಲ್ಲೇ ಮರಳಿಸಬೇಕು, ಆದರೆ ಸಹಜ ಸವೆತಕ್ಕೆ ವಿನಾಯಿತಿ ಇದೆ. ಬರುವ ದಿನ, ಹೋಗುವ ದಿನ ಇಬ್ಬರೂ ಸೇರಿ ಮನೆಯ ವೀಡಿಯೊ ತೆಗೆದುಕೊಂಡರೆ ಯಾವುದು ಸವೆತ, ಯಾವುದು ಹಾನಿ ಅನ್ನೋ ವಾದ ಬೇಗ ಮುಗಿಯುತ್ತೆ.

ಸೋರುವ ನಲ್ಲಿ

ಸೆಕೆಂಡಿಗೆ ಒಂದು ಹನಿ, 20 ಹನಿಗೆ 1 ಮಿಲಿಲೀಟರ್ ಅಂತ ಹಿಡಿದರೆ ದಿನಕ್ಕೆ 4 ಲೀಟರಿಗೂ ಹೆಚ್ಚು ನೀರು. ನೀರಿನ ಬೆಲೆ ದೊಡ್ಡದಲ್ಲ. ಆದರೆ ಅದೇ ಸೋರಿಕೆ ಗೋಡೆಯೊಳಗಿನ ಪೈಪಿನಲ್ಲಿದ್ದರೆ ಪ್ಲಾಸ್ಟರ್ ಉದುರುತ್ತೆ, ಬಣ್ಣ ಏಳುತ್ತೆ, ಕಬ್ಬಿಣ ತುಕ್ಕು ಹಿಡಿಯುತ್ತೆ. ವಾಷರ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸ ಗಾರೆ ಕೆಲಸದವರ ಕೈಗೆ ಹೋಗುತ್ತೆ. ಜೊತೆಗೆ, ಮೂರು ಸಲ ಹೇಳಿಯೂ ರಿಪೇರಿ ಆಗದಿದ್ದರೆ ಬಾಡಿಗೆದಾರರು ಬೇರೆ ಮನೆ ನೋಡುತ್ತಾರೆ. ಮತ್ತದೇ ಖಾಲಿ ತಿಂಗಳು!

ಅದಕ್ಕೇ ಕ್ಯಾಲೆಂಡರ್ ಮೇಲೆ ಕೆಲಸ ಮಾಡಿ. ಮಳೆಗಾಲಕ್ಕೆ ಮುಂಚೆ ತಾರಸಿಯ ಬಿರುಕು, ಮಳೆನೀರಿನ ಪೈಪು ನೋಡಿ. ಆರು ತಿಂಗಳಿಗೊಮ್ಮೆ ಸಂಪು, ಟ್ಯಾಂಕು ತೊಳೆಸಿ. ಪ್ಲಂಬರ್, ಎಲೆಕ್ಟ್ರಿಷಿಯನ್ ನಂಬರನ್ನು ಬಾಡಿಗೆದಾರರಿಗೂ ಕೊಟ್ಟಿರಿ. ಎಷ್ಟು ರೂಪಾಯಿವರೆಗಿನ ರಿಪೇರಿಯನ್ನು ಅವರೇ ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದು ಅಂತ ಕರಾರಿನಲ್ಲಿ ಬರೆದುಬಿಟ್ಟರೆ ಅರ್ಧ ಕಿರಿಕಿರಿ ತಪ್ಪುತ್ತೆ.

ಕೊನೆಗೆ ಕೈಗೆ ಎಷ್ಟು?

ನಮ್ಮ ಉದಾಹರಣೆಯ ಮನೆ ವರ್ಷದಲ್ಲಿ ಒಂದು ತಿಂಗಳು ಖಾಲಿ ಇತ್ತು ಅನ್ನೋಣ. ಬಾಡಿಗೆ 1,65,000 ಬಂತು. ಕಂದಾಯ 5,000, ರಿಪೇರಿ 15,000 ಅಂತ ಹಿಡಿದರೆ ಉಳಿಯುವುದು 1,45,000. ಆ ಮಹಡಿಗೂ ಅದರ ಪಾಲಿನ ಜಾಗಕ್ಕೂ ಸೇರಿ 40 ಲಕ್ಷ ಬೆಲೆ ಕಟ್ಟಿದರೆ ಆದಾಯ ಶೇ. 3.6 ಮಾತ್ರ. ಜಾಗದ ಬೆಲೆ ಏರಬಹುದು, ಅದು ಬೇರೆ ವಿಷಯ. ಅದನ್ನು ಬಾಡಿಗೆ ಲೆಕ್ಕದಲ್ಲಿ ಬೆರೆಸಬಾರದು.

ಆದಾಯ ತೆರಿಗೆಯಲ್ಲಿ, ಬಂದ ಬಾಡಿಗೆಯಿಂದ ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ. 30 ಕಡಿತ ಸಿಗುತ್ತೆ. ರಿಪೇರಿಗೆ ನೀವು ಎಷ್ಟೇ ಖರ್ಚು ಮಾಡಿರಿ, ಕಡಿತ ಅಷ್ಟೇ. ಇಲ್ಲಿ 1,60,000ದಲ್ಲಿ 48,000 ಹೋಗಿ 1,12,000 ರೂ. ತೆರಿಗೆ ಲೆಕ್ಕಕ್ಕೆ ಬರುತ್ತೆ. ಸಂಬಳದಾರ ಬಾಡಿಗೆದಾರರು ಎಚ್‌ಆರ್‌ಎ ವಿನಾಯಿತಿ ಪಡೆಯುವಾಗ ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಕೊಡಬೇಕಾಗುತ್ತೆ. ಆದ್ದರಿಂದ ‘ಪ್ಯಾನ್ ಕೊಡಲ್ಲ’ ಅನ್ನೋದು ಕೂಡ ಒಳ್ಳೆಯ ಬಾಡಿಗೆದಾರರನ್ನು ಕಳೆದುಕೊಳ್ಳುವ ದಾರಿ.

ಮನೆಗೆಲಸ

ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆಯಿರಿ: ಬಂದ ಬಾಡಿಗೆ, ಖಾಲಿ ಇದ್ದ ದಿನ, ರಿಪೇರಿ ಖರ್ಚು, ವಾಪಸ್ ಕೊಡಬೇಕಾದ ಅಡ್ವಾನ್ಸ್. ಕಳೆದ ಮೂರು ವರ್ಷದ್ದನ್ನು ಅಪ್ಪ-ಅಮ್ಮನ ಹತ್ತಿರ ಕೇಳಿ ತುಂಬಿಸಿ. ಸ್ವಂತ ಮನೆ ಇಲ್ಲದವರು ಬಾಡಿಗೆದಾರರಾಗಿ ಇದೇ ಲೆಕ್ಕ ಹಾಕಿ ನೋಡಿ. ಎರಡು ತಿಂಗಳಿಂದ ಬೋರ್ಡ್ ನೇತಾಡುತ್ತಿರುವ ಮನೆಯ ಮಾಲೀಕರ ಹತ್ತಿರ ಬಾಡಿಗೆ ಚೌಕಾಸಿ ಮಾಡುವಾಗ ನಿಮ್ಮ ಕೈಯಲ್ಲೂ ಒಂದು ಸಂಖ್ಯೆ ಇರುತ್ತೆ.